ಭಜನಾ ಮಂಡಳಿ ಅಂತ ನಾನು ಹೇಳಿದ ಸುಳ್ಳು

ಬನಶಂಕರಿಯ ಹಾಲ್ ನಮಗೆ ಸಿಕ್ಕಿದ್ದು ನನ್ನ ಒಂದು ಸುಳ್ಳಿನಿಂದ. ಮಾಲೀಕರದು ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಅದೇ ನೆಲದ ಮೇಲೆ ಮೂರು ಕಟ್ಟಡಗಳಿವೆ. ಬಾಡಿಗೆಗೆ ಕೇಳಲು ಹೋದಾಗ ಅವರು ಬಾಗಿಲಲ್ಲೇ ನಿಂತು, "ಏನ್ ಗುಂಪು ಸಾರ್ ನಿಮ್ದು?" ಎಂದರು. ನನ್ನ ಬಾಯಿಂದ "ಭಜನಾ ಮಂಡಳಿ ಸಾರ್" ಎಂದು ಬಂದುಬಿಟ್ಟಿತು. ಅವರ ಮುಖ ಅರಳಿತು, ಕೀಲಿ ನನ್ನ ಕೈಗೆ ಬಂತು.

ನಾವು ಭಜನೆಯವರಲ್ಲ. ನಾವು ಹನ್ನೆರಡು ಜನ ಗಂಡಸರು, ಹನ್ನೆರಡೂ ಜನ ಗೇ, ಭಾನುವಾರ ಮಧ್ಯಾಹ್ನ ಸೇರಿ ಹಾಡುವವರು. ಶುರುವಾದದ್ದು ಜಯನಗರದ ನನ್ನ ಬಾಡಿಗೆ ಮನೆಯಲ್ಲಿ, ಐದು ಜನರಿಂದ. ಚರ್ಚಿನಲ್ಲಿ ಹಾಡಿ ಬೆಳೆದ ಒಬ್ಬ, ಒಂದೇ ಹಾಡನ್ನು ಮೇಲ್ದನಿ, ನಡುದನಿ, ಕೆಳದನಿ ಎಂದು ಬಿಡಿಸಿ ಕಲಿತು ಆಮೇಲೆ ಕೂಡಿಸುವುದು ಹೇಗೆಂದು ತೋರಿಸಿದ. ಪಕ್ಕದ ಮನೆಯವರು ದೂರು ಕೊಟ್ಟರು, ಅಲ್ಲಿಂದ ಎದ್ದೆವು. ಜೆ.ಪಿ. ನಗರದ ಒಂದು ಡ್ಯಾನ್ಸ್ ಕ್ಲಾಸಿನಲ್ಲಿ ಜಾಗ ಸಿಕ್ಕಿತು. ನಾವು ಯಾರೆಂದು ಫೋನಿನಲ್ಲಿ ಯಾರೋ ತೋರಿಸಿದ ದಿನವೇ ಕ್ಲಾಸು ನಡೆಸುತ್ತಿದ್ದ ಮಹಾನುಭಾವ ಬೀಗ ಬದಲಿಸಿದ. ಕೋರ್ಟು ನಾವು ಅಪರಾಧಿಗಳಲ್ಲ ಎಂದು ಹೇಳಿಯಾಗಿತ್ತು. ಬೀಗ ಹಾಕುವವರಿಗೆ ಯಾವ ಕೋರ್ಟು?

ಬೀಗ ಬಿದ್ದರೆ ಗುಂಪೂ ಕರಗುತ್ತದೆ. ಜೆ.ಪಿ. ನಗರದಲ್ಲಿ ಇಪ್ಪತ್ತು ಜನರಿದ್ದೆವು. ಬೀದಿಯಲ್ಲಿ ನಿಂತು ಮಾತು ಕೇಳಿಸಿಕೊಂಡ ಮೇಲೆ ಎಂಟು ಜನ ಹೆದರಿ ಮತ್ತೆ ಬರಲೇ ಇಲ್ಲ. ಇನ್ನೊಂದು ಸಲ ಎಬ್ಬಿಸಿದರೆ ಗುಂಪೇ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಿಮಗೆ ಅದು ಬರೀ ಹಾಡಿನ ಗುಂಪು ಅನ್ನಿಸಬಹುದು. ನನಗೆ ಡೆಂಗಿ ಬಂದಾಗ ಸರದಿಯ ಮೇಲೆ ಬಂದು ಗಂಜಿ ಕುಡಿಸಿದವರು ಇವರು. ಬಲವಂತದ ಮದುವೆಯಿಂದ ಓಡಿಬಂದ ಒಬ್ಬನಿಗೆ ಮೂರು ತಿಂಗಳು ಅನ್ನ ಹಾಕಿದವರೂ ಇವರೇ. ನನ್ನ ಒಡಹುಟ್ಟಿದವರು ನನ್ನ ಫೋನ್ ಎತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ.

ಹಾಗಾಗಿ ಸುಳ್ಳನ್ನು ಸಾಕಿದೆವು. ಭಾನುವಾರ ಗೇಟಿನ ಹೊರಗೆ ಎಲ್ಲರ ಹಣೆಗೂ ವಿಭೂತಿ ಎಳೆಯುವ ಕೆಲಸ ನನ್ನದು. ನಾನು ದಾವಣಗೆರೆ ಕಡೆಯ ಬಟ್ಟೆ ಅಂಗಡಿಯವರ ಮಗ. ನಮ್ಮ ಮನೆಯಲ್ಲಿ ವಿಭೂತಿ ಹಚ್ಚದೆ ಕಾಫಿಯನ್ನೂ ಕೊಡುತ್ತಿರಲಿಲ್ಲ. ಅಂಥ ವಿಭೂತಿಯನ್ನು ವೇಷಕ್ಕೆ ಬಳಸುವಾಗ ಪ್ರತಿ ವಾರ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಸುಳ್ಳು, ಆಫೀಸಿನಲ್ಲಿ ಸುಳ್ಳು, ಕೊನೆಗೆ ಹಾಡುವ ಜಾಗದಲ್ಲೂ ಸುಳ್ಳು.

ಹಾಲಿನ ಕೆಳಗೇ ಮಾಲೀಕರ ಮನೆ. ಅವರ ತಾಯಿ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ ನಮ್ಮ ಅಭ್ಯಾಸವನ್ನೆಲ್ಲ ಕೇಳುತ್ತಿದ್ದರು. ಪಾಪ, ಅವರಿಗೆ ಹೆಚ್ಚಾಗಿ ಕೇಳಿಸುತ್ತಿದ್ದದ್ದು ಕೆಳದನಿ ಮಾತ್ರ. ನಮ್ಮ ಕೆಳದನಿಯವರು ಮೂವರು. ಅವರು ಬೇಗ ಕಲಿಯುವುದಿಲ್ಲವೆಂದು ಅವರನ್ನು ಮೆಟ್ಟಿಲ ಕಡೆಗೆ ಕಳಿಸಿ ಬೇರೆಯಾಗಿ ತಿದ್ದಿಸುವುದು ನಮ್ಮ ಪದ್ಧತಿ. ಅವರಲ್ಲಿ ಹಿರಿಯರು ಅರೆಕೆರೆಯ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರೂ ಅವರೇ. ವಿಷಯ ಶಾಲೆಗೆ ಮುಟ್ಟಿದರೆ ಕೆಲಸ ಹೋಗುತ್ತದೆ ಎಂಬ ಭಯ.

ಒಂದು ದಿನ ಅಜ್ಜಿ ಮೇಷ್ಟ್ರನ್ನು ತಡೆದು, "ಏನಪ್ಪಾ, ಒಂದ್ ಗಂಟೆಯಿಂದ ಹೂಂ ಹೂಂ ಅಂತಿದ್ದೀಯ, ಹಲ್ಲುನೋವಾ?" ಎಂದರು.

"ಇಲ್ಲ ಅಜ್ಜಿ, ಅದು ಹಾಡು."

"ದೇವರ ಹೆಸರೇ ಬರಲ್ವಲ್ಲಪ್ಪ ಅದ್ರಲ್ಲಿ?"

ಮೇಷ್ಟ್ರು ಬೆವತುಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. "ಮುಂದೆ ಬರುತ್ತೆ ಅಜ್ಜಿ" ಎಂದು ಹೇಳಿ ಮೇಲೆ ಓಡಿ ಬಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಒಂದು ಬೆಳಿಗ್ಗೆ ಮಾಲೀಕರ ಫೋನ್ ಬಂತು. "ಅಮ್ಮ ಹೋಗ್ಬಿಟ್ರು ಸಾರ್. ಹನ್ನೊಂದಕ್ಕೆ ಎತ್ತುತೀವಿ. ನಿಮ್ಮ ಮಂಡಳಿಯೋರು ಬಂದು ಭಜನೆ ಮಾಡ್ಬೇಕು. ನಿಮ್ ಹಾಡು ಅಂದ್ರೆ ಅಮ್ಮಂಗೆ ಪ್ರಾಣ."

ಒಪ್ಪಿಕೊಂಡೆ. ಇನ್ನೇನು ಮಾಡಲಿ? ಹನ್ನೆರಡು ಜನರೂ ಕೆಲಸಕ್ಕೆ ರಜೆ ಹೇಳಿ ಬಂದೆವು. ನಮ್ಮ ಕಡೆ ಸಾವಿನ ಮನೆಯಲ್ಲಿ ಭಜನೆ ಕೇಳಿಯೇ ನಾನು ಬೆಳೆದದ್ದು. ನಾನು ಒಂದು ಸಾಲು ಹೇಳಿದರೆ ಉಳಿದವರು ಹಿಂದೆ ಹೇಳಿದರಾಯಿತು, ಯಾರಿಗೂ ಅನುಮಾನ ಬರುವುದಿಲ್ಲ. ಸುಳ್ಳು ಅಷ್ಟು ಸಲೀಸಾಗಿತ್ತು. ಆದರೆ ಚಪ್ಪರದ ಕೆಳಗೆ ಅಜ್ಜಿಯನ್ನು ಮಲಗಿಸಿದ್ದು ಕಂಡಾಗ ನನಗೆ ನಾಚಿಕೆಯಾಯಿತು. ನಂಬಿದವರ ಕಿವಿಗೆ ಹೂವಿಟ್ಟದ್ದು ಸಾಲದೆ, ಅವರ ಹೆಣದ ಮುಂದೆಯೂ ನಾಟಕ ಆಡಬೇಕೇ?

ಮಾಲೀಕರನ್ನು ಸಂಪಿನ ಪಕ್ಕಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ನಾವು ಭಜನೆಯವರಲ್ಲ, ಗೇ ಗಂಡಸರ ಹಾಡಿನ ಗುಂಪು, ಸುಳ್ಳು ಹೇಳಿದ್ದು ನಾನೊಬ್ಬನೇ ಎಂದೆ.

"ಈ ಟೈಮಲ್ಲಿ ಹೇಳ್ಬೇಕಾ ಸಾರ್ ಇದನ್ನ?"

"ತಪ್ಪಾಯ್ತು ಸಾರ್. ಹೋಗಿ ಅಂದ್ರೆ ಹೋಗ್ತೀವಿ."

ಟವೆಲಿನಿಂದ ಮುಖ ಒರೆಸಿಕೊಂಡರು. "ಅಮ್ಮ ಏನ್ ಕೇಳ್ತಿದ್ರೋ ಅದನ್ನೇ ಹಾಡಿ. ಉಳಿದಿದ್ದು ಆಮೇಲೆ" ಎಂದು ಒಳಗೆ ಹೋದರು.

ನಮ್ಮಲ್ಲೊಬ್ಬ ತನ್ನ ಹುಡುಗನಿಗಾಗಿ ಬರೆದ ಹಾಡೊಂದಿತ್ತು. ಬಾಗಿಲು ತೆಗೆದಿಡು, ತಡವಾದರೂ ಬರುತ್ತೇನೆ ಎನ್ನುವಂಥದ್ದು. ಆರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದದ್ದು ಅದನ್ನೇ. ಕೆಳದನಿಯವರು ಹೂಂಕಾರ ಶುರುಮಾಡಿದರು. ಇನ್ನೂ ನಾವು ಹಾಡಿನ ಮಾತು ಎತ್ತಿರಲಿಲ್ಲ, ಹೆಣದ ಸುತ್ತ ಕುಳಿತಿದ್ದ ಹೆಂಗಸರ ಕಡೆಯಿಂದ ಅದೇ ಹೂಂಕಾರ ಬಂತು. ಮಾಲೀಕರ ಹೆಂಡತಿ, ಆಮೇಲೆ ಮಗಳು, ಆಮೇಲೆ ಇನ್ನಿಬ್ಬರು. ಸ್ವರ ಒಂದಿಷ್ಟೂ ತಪ್ಪಿರಲಿಲ್ಲ. ಅಜ್ಜಿ ಅಡುಗೆ ಮಾಡುತ್ತಾ, ಸ್ನಾನ ಮಾಡುತ್ತಾ ದಿನವೂ ಅದನ್ನೇ ಗುನುಗುತ್ತಿದ್ದರಂತೆ. ಮನೆಮಂದಿಗೆಲ್ಲ ಬಾಯಿಪಾಠವಾಗಿತ್ತು. ಹಾಡಿನ ಕೆಳದನಿಯನ್ನು ಈ ಪ್ರಪಂಚದಲ್ಲಿ ಯಾರೂ ಗುನುಗುವುದಿಲ್ಲ, ಅದು ಕೇಳುವವರ ಗಮನಕ್ಕೇ ಬರುವುದಿಲ್ಲ. ಆ ಮನೆಯವರಿಗೆ ಅದೇ ಹಾಡಾಗಿತ್ತು. ಮೇಷ್ಟ್ರ ಕಣ್ಣಿಂದ ಧಾರಾಕಾರ ನೀರು. ಆದರೂ ಸ್ವರ ಬಿಡಲಿಲ್ಲ. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ತಿಥಿ ಮುಗಿದ ಮೇಲೆ ಮಾಲೀಕರು ನನ್ನನ್ನು ಕರೆಸಿ ಕಾಫಿ ಕೊಟ್ಟರು. "ನೋಡಿ ಸಾರ್, ನಂದೇನೂ ತಕರಾರಿಲ್ಲ. ಆದ್ರೆ ನೆಂಟರಿಗೆ ಗೊತ್ತಾದ್ರೆ ಆಡ್ಕೋತಾರೆ. ನೀವು ಭಜನಾ ಮಂಡಳಿ ಅಂತ್ಲೇ ಇದ್ದುಬಿಡಿ. ಬೋರ್ಡ್ ನಾನೇ ಹಾಕಿಸ್ತೀನಿ. ಹಾಲ್ ನಿಮ್ದೇ ಅನ್ಕೊಳ್ಳಿ."

ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಜಾಗ ಉಳಿಯುತ್ತದೆ, ಗುಂಪು ಉಳಿಯುತ್ತದೆ, ಮನುಷ್ಯರೂ ಒಳ್ಳೆಯವರು. ಭಾನುವಾರ ಎಲ್ಲರ ಮುಂದೆ ಇದನ್ನು ಇಟ್ಟು, ಒಪ್ಪಿಕೊಳ್ಳೋಣ ಎಂದೆ. ತಲೆಯಾಡಿಸಿದವರು ಐದಾರು ಜನ. ಮೇಷ್ಟ್ರು ಎದ್ದು ನಿಂತರು.

"ನಂಗೆ ಆಗಲ್ಲ. ಆ ಮನೆ ಹೆಂಗಸರು ನನ್ನ ಜೊತೆ ಹಾಡಿದ್ದಾರೆ. ನಾನ್ಯಾರು ಅಂತ ಅವರಿಗೇ ಮುಚ್ಚಿಟ್ಕೊಂಡು ಇನ್ನು ನಾನು ವಿಭೂತಿ ಹಚ್ಚಲ್ಲ. ಬೋರ್ಡ್ ಹಾಕೋದಾದ್ರೆ ನಮ್ಮ ಹೆಸರು ಹಾಕ್ಲಿ."

"ಮೇಷ್ಟ್ರೇ, ಕೆಲಸ?" ಎಂದು ಕೇಳಿದೆ.

"ಹೋದ್ರೆ ಟ್ಯೂಷನ್ ಹೇಳ್ಕೊಡ್ತೀನಿ."

ಆಮೇಲೆ ಯಾರೂ ವಾದ ಮಾಡಲಿಲ್ಲ. ಮಾಲೀಕರಿಗೆ ವಿಷಯ ತಿಳಿಸಿದೆ. "ಒಂದು ಹೆಸರು ತಾನೇ ಸಾರ್, ಅದಕ್ಕೆ ಇಷ್ಟೊಂದು ಹಟವಾ?" ಎಂದರು ಬೇಸರದಿಂದ. ಹೌದು ಸಾರ್, ಒಂದು ಹೆಸರೇ, ಇಷ್ಟು ದಿನ ಬೇರೆಲ್ಲ ಬಿಟ್ಟುಕೊಟ್ಟಾಗಿದೆ, ಅದೊಂದನ್ನು ಇನ್ನು ಬಿಡುವುದಿಲ್ಲ ಎಂದೆ. ಕೀಲಿ ವಾಪಸ್ಸು ತೆಗೆದುಕೊಂಡರು.

ಮುಂದಿನ ಭಾನುವಾರ ಸುದ್ದಗುಂಟೆಪಾಳ್ಯದಲ್ಲಿ ನಮ್ಮವನೊಬ್ಬನ ಬಾಡಿಗೆ ಮನೆಯ ತಾರಸಿಯ ಮೇಲೆ ಸೇರುವುದೆಂದು ತೀರ್ಮಾನವಾಯಿತು. ಎಷ್ಟು ಜನ ಬರುತ್ತಾರೋ ಎಂಬ ಅಳುಕಿನಲ್ಲೇ ಮೆಟ್ಟಿಲು ಹತ್ತಿದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ ಹನ್ನೊಂದು ಜನ ಆಗಲೇ ಕುಳಿತಿದ್ದರು, ಬಾರದೆ ಉಳಿದವನು ನಾನೊಬ್ಬನೇ ಎಂದು ಬೈದರು.

ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬರು ಕೇಳಿದರು: "ಯಾವ ಸಂಘಪ್ಪ ನಿಮ್ದು?"

ಅಭ್ಯಾಸಬಲ, ನನ್ನ ನಾಲಿಗೆ ತಡವರಿಸಿತು. ಮೇಷ್ಟ್ರು ಮುಂದೆ ಬಂದು ಪ್ಯಾರಾಪೆಟ್ಟಿನ ಮೇಲೆ ಕೈಯೂರಿ, ತರಗತಿಯ ಕೊನೇ ಬೆಂಚಿಗೂ ಕೇಳಿಸುವ ದನಿಯಲ್ಲಿ ಹೇಳಿದರು: "ಗೇ ಗಂಡಸರ ಹಾಡಿನ ಗುಂಪು ಆಂಟಿ. ಗಂಡಸರನ್ನ ಪ್ರೀತಿಸೋ ಗಂಡಸರು."

ಆಕೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದರು. "ಮಧ್ಯಾಹ್ನ ಮಲಗಿರೋರು ಇರ್ತಾರೆ. ಮೆಲ್ಲಗೆ ಹಾಡ್ಕೊಳ್ಳಿ" ಎಂದರು.

ನಾವು ಮೆಲ್ಲಗೆ ಹಾಡಲಿಲ್ಲ.