ಹತ್ತರ ಬದಲು ಹದಿನಾಲ್ಕು

ನನ್ನಣ್ಣನಿಗೆ ಸುಳ್ಳು ಹೇಳೋಕೆ ಬರಲ್ಲ ಅಂತ ನಮ್ಮ ಬೀದಿಯವರೆಲ್ಲ ನಂಬಿದ್ದರು. ಸೈಕಲ್ ರಿಪೇರಿ ಅವನ ಕಸುಬು, ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಸ ಟೈರು ಹಾಕಿಸಿಕೊಳ್ಳಲು ಬಂದವರನ್ನೂ "ಇನ್ನೂ ಓಡುತ್ತೆ, ಹೋಗಿ" ಎಂದು ವಾಪಸು ಕಳಿಸುವ ಪುಣ್ಯಾತ್ಮ. ಒಳಗಿನಿಂದ ಕೇಳಿಸಿಕೊಂಡು ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನ ಮಗಳು ಆ ಅಂಗಡಿಯಲ್ಲೇ ಬೆಳೆದಳು. ಕಬ್ಬಿಣಕ್ಕೆ ಅರ ಹಾಕಿ ಉಜ್ಜುವುದನ್ನು ಅವಳಿಗೆ ಕಲಿಸಿದವನು ಅವನೇ. ಹಳೇ ಬಿಡಿಭಾಗಗಳನ್ನು ಕೂಡಿಸಿ ಬಿಎಂಎಕ್ಸ್ ಸೈಕಲ್ ಕಟ್ಟಿಕೊಟ್ಟವನೂ ಅವನೇ. ಹುಡುಗಿ ಅದರ ಮೇಲೆ ಕಂಡ ಕಂಡ ಕಟ್ಟೆಯೆಲ್ಲ ಹಾರಿದಳು. ಹೋದ ವರ್ಷ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಅಲ್ಲಿಂದ ಅಣ್ಣನಿಗೆ ಜೀವವೇ ಬಾಯಿಗೆ ಬಂದಂತಾಗಿತ್ತು. "ಹಾರಬೇಡ" ಎಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಭುಜ ಕೂಡಿಕೊಂಡಿತು, ಸೈಕಲ್ ಹಾರಿಸುವ ಸ್ಪರ್ಧೆ ಹತ್ತಿರ ಬಂತು. ಮುಂದಿನ ಚಕ್ರದ ಆಕ್ಸಲ್, ಅಂದರೆ ನಡುವಿನ ಅಚ್ಚು, ಬಾಗಿಹೋಗಿತ್ತು.

"ಅಪ್ಪ, ಹತ್ತು ಎಂಎಂ ಆಕ್ಸಲ್ ಬಂತಾ?"

"ಎಲ್ಲೂ ಸಿಗ್ತಿಲ್ಲಮ್ಮ."

ದಿನಾ ಇದೇ ರಾಗ. ಸಿಗದೇ ಏನು? ಅದು ಅವನ ಮೇಜಿನ ಖಾನೆಯಲ್ಲೇ ಬಂದು ಕೂತಿತ್ತು. ಸ್ಪರ್ಧೆ ಮುಗಿದ ಮೇಲೆ ಹಾಕಿಕೊಟ್ಟರಾಯಿತು ಎಂದು ಅಣ್ಣ ಬಚ್ಚಿಟ್ಟಿದ್ದ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಸ್ಪರ್ಧೆಯ ದಿನ ಹುಡುಗಿ ಗೆಳತಿಯ ಹಳೇ ಚಕ್ರವೊಂದನ್ನು ತಂದಳು. ಅದರದ್ದು ಹದಿನಾಲ್ಕು ಎಂಎಂ ಆಕ್ಸಲ್. ಚಕ್ರವನ್ನು ಎರಡೂ ಕಡೆ ಹಿಡಿಯುವ ಫೋರ್ಕಿನ ತುದಿಯಲ್ಲಿ ಆಕ್ಸಲ್ ಕೂರುವ ಸಂದು ಇರುವುದು ಹತ್ತಕ್ಕೆ. ಅಣ್ಣ ಗಿರಾಕಿಯೊಬ್ಬರಿಗೆ ಸೈಕಲ್ ತಲುಪಿಸಲು ಹೋಗಿದ್ದ. ಇವಳು ಫೋರ್ಕನ್ನು ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕಚ್ಚಿಸಿ, ಸಂದನ್ನು ಅರದಿಂದ ಉಜ್ಜಿ ಉಜ್ಜಿ ಅಗಲ ಮಾಡಿದಳು.

"ನೋಡತ್ತೆ, ಎಷ್ಟು ದಪ್ಪ ಇದೆ! ಇನ್ನು ಇದು ಬಾಗೋ ಮಾತೇ ಇಲ್ಲ."

ನಾನೂ "ಭೇಷ್" ಎಂದೆ. ನನಗೇನು ಗೊತ್ತು?

ಅವಳು ಆ ಚಕ್ರ ಕೂರಿಸಿಕೊಂಡು ಮೈದಾನಕ್ಕೆ ಹೋದ ಮೇಲೆ ಅಣ್ಣ ಬಂದವನು ವೈಸಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿ ನೋಡಿ ನಿಂತುಬಿಟ್ಟ.

"ಇದೇನೇ? ಏನು ಉಜ್ಜಿದ್ಲು?"

ಹೇಳಿದೆ. "ಆಕ್ಸಲ್ ದಪ್ಪ ಆದ್ರೆ ಏನು ಬಂತು? ಅಷ್ಟು ಉಜ್ಜಿದ್ಮೇಲೆ ಫೋರ್ಕಿನ ತುದೀಲಿ ಇನ್ನೇನು ಉಳಿದಿರುತ್ತೆ?" ಎನ್ನುತ್ತಲೇ ಬರಿಗಾಲಲ್ಲಿ ಓಡಿದ.

ಅವನು ಮೈದಾನ ಮುಟ್ಟುವಾಗ ಜನ ಅವಳನ್ನು ಎತ್ತುತ್ತಿದ್ದರು. ಹಾರಿ ಇಳಿದ ಹೊಡೆತಕ್ಕೆ ಫೋರ್ಕಿನ ತುದಿ ಕಿತ್ತು, ಚಕ್ರ ಕಳಚಿ, ಅವಳ ಮಂಡಿ ನುಚ್ಚುನೂರಾಗಿತ್ತು. ನಡೆದಾಡಬಹುದು, ಇನ್ನು ಸೈಕಲ್ ಹಾರಿಸುವುದನ್ನು ಮರೆತುಬಿಡಿ ಎಂದರು ಡಾಕ್ಟರು. ಅವಳಿಗಿನ್ನೂ ಹದಿನೇಳು. ನನಗೆ ಯಾರ ಮೇಲೆ ಹರಿಹಾಯಬೇಕೋ ತಿಳಿಯದೆ, ಆಸ್ಪತ್ರೆಯ ನೆಲ ಒರೆಸುತ್ತಿದ್ದವಳ ಮೇಲೆ ರೇಗಿದೆ.

ಎಚ್ಚರವಾದಾಗ ಅವಳು ಮೊದಲು ಹಿಡಿದದ್ದು ಅಪ್ಪನ ಕೈಯನ್ನೇ.

"ಬೈಬೇಡಪ್ಪ. ನೀನು ಪಾಪ ಎಷ್ಟು ಕಡೆ ಹುಡುಕ್ದೆ. ನಾನೇ ಕಾಯದೆ ದಪ್ಪದ್ದು ಹಾಕ್ಕೊಂಡೆ. ತಪ್ಪು ನಂದೇ."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ, ದೇವರಾಣೆಗೂ. ಅಣ್ಣ ಅವಳ ಬೆರಳುಗಳನ್ನು ಅಂಗೈಯಲ್ಲಿ ಹಿಡಿದುಕೊಂಡ.

"ಸಿಕ್ಕಿತ್ತು ಕಣಮ್ಮ. ನಾನೇ ಬಚ್ಚಿಟ್ಟಿದ್ದೆ. ನೀನು ಬೀಳಬಾರ್ದು ಅಂತ."

ಅವಳು ಅಳುತ್ತಾಳೆ, ಕಿರುಚಾಡುತ್ತಾಳೆ ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಅವನ ಅಂಗೈಯಿಂದ ಬೆರಳುಗಳನ್ನು ಬಿಡಿಸಿಕೊಂಡು ನನ್ನ ಕಡೆ ತಿರುಗಿದಳು.

"ಅತ್ತೆ, ಅಪ್ಪಂಗೆ ಮನೆಗೆ ಹೋಗೋಕೆ ಹೇಳು."

ಅಣ್ಣ ಅವಳ ತಲೆಯ ಪಕ್ಕದಲ್ಲೇ ಕೂತಿದ್ದ.