ಹಿಂದಕ್ಕೆ ಹೋದ ನೂರಾ ಹನ್ನೆರಡು ಲಕೋಟೆ

ಮೂವತ್ತೊಂದು ವರ್ಷದ ನೌಕರಿಯಲ್ಲಿ ಠಸ್ಸೆಯಣ್ಣ ಒಂದು ಕಾಗದವನ್ನೂ ಕಳೆದವರಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಚಪ್ಪಲಿ ಬಿಟ್ಟು ಓಡಿದ್ದಾರೆ, ಚೀಲ ಬಿಟ್ಟಿಲ್ಲ. ಅರ್ಧ ವಿಳಾಸದ ಕಾಗದ, ನೀರು ಬಿದ್ದು ಶಾಯಿ ಕಲಸಿಹೋದ ಕಾಗದ, ‘ಮೂಗಿನ ಮೇಲೆ ಮಚ್ಚೆ ಇರುವ ಮೇಷ್ಟ್ರಿಗೆ’ ಎಂದಷ್ಟೇ ಬರೆದಿದ್ದ ಕಾಗದ, ಎಲ್ಲವನ್ನೂ ಸೇರಬೇಕಾದವರ ಕೈಗೆ ಸೇರಿಸಿದವರು. ಬೆಳಿಗ್ಗೆ ಏಳಕ್ಕೆ ಅಂಚೆ ಕಚೇರಿಯಲ್ಲಿ ಅವರು ಠಸ್ಸೆ ಒತ್ತುವ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಹೆಸರು ಬಂದದ್ದು ಹಾಗೆ. ಹೆತ್ತವರು ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಅಂಥವರು ಒಂದು ಮಧ್ಯಾಹ್ನ ನೂರಾ ಹನ್ನೆರಡು ಲಕೋಟೆಗಳನ್ನು ಮುಟ್ಟಿಸದೆ ಹಿಂದಕ್ಕೆ ಕಳಿಸಿದರು. ಅದರಿಂದ ಅವರ ತಂಗಿಗೆ ಒಂದು ಸೇತುವೆ ತಪ್ಪಿಹೋಯಿತು.

ಅಣ್ಣ ತಂಗಿ ಇಬ್ಬರ ಮನೆಯೂ ಕಾಲುವೆಯಾಚೆಯ ಸಾಲಿನಲ್ಲಿತ್ತು. ಗೋಡೆಗೆ ಗೋಡೆ ಅಂಟಿದ ನಲವತ್ಮೂರು ಮನೆ. ಎದುರಿಗೆ ಕಾಲುವೆ, ಕಾಲುವೆಯಾಚೆ ಪಟ್ಟಣ. ಬೆನ್ನ ಹಿಂದೆ ಎರಡೂವರೆ ಕಿಲೋಮೀಟರು ಬಯಲು, ಆಮೇಲೆ ಹಳ್ಳಿ. ಪಟ್ಟಣದ ಗಡಿ ಕಾಲುವೆಯ ನಟ್ಟನಡುವೆ ಹಾದುಹೋಗುತ್ತದೆ. ನೀರಿನ ಮೇಲೆ ಗೆರೆ ಎಳೆದು ನಿಲ್ಲಿಸಲಾಗದ ಕಾರಣ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಲಿನವರ ಕೆಲಸ, ಶಾಲೆ, ಆಸ್ಪತ್ರೆ ಎಲ್ಲವೂ ಪಟ್ಟಣದಲ್ಲಿ. ದಾಟಲು ಒಂದು ಮರದ ಕಾಲುಸೇತುವೆ. ಲೆಕ್ಕಕ್ಕೆ ಮಾತ್ರ ಅವರು ಹಳ್ಳಿ ಪಂಚಾಯಿತಿಯವರು, ಸೇತುವೆಯೂ ಪಂಚಾಯಿತಿಯದೇ.

ತಂಗಿಯನ್ನು ಸಾಲಿನಲ್ಲಿ ಟೈಲರಕ್ಕ ಎನ್ನುತ್ತಿದ್ದರು. ಎಡಗಾಲಿನ ಮಂಡಿ ಚಿಕ್ಕಂದಿನಲ್ಲೇ ಬಾಗುವುದನ್ನು ಬಿಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಪಟ್ಟಣದ ಶಾಲೆಯೊಂದರ ಪಕ್ಕ ಸಣ್ಣ ಅಂಗಡಿ ಹಿಡಿದು ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಸೇತುವೆ ದಾಟಿದರೆ, ಆ ಕಾಲಿನಲ್ಲೂ, ಹದಿನೈದು ನಿಮಿಷದ ದಾರಿ. ರಸ್ತೆ ಸುತ್ತಿದರೆ ನಾಲ್ಕು ಕಿಲೋಮೀಟರು.

ಮೊದಲು ಸಾಲಿನ ಟಪಾಲು ಹಳ್ಳಿಯ ಅಂಚೆಗೆ ಹೋಗಿ, ಅಲ್ಲಿಂದ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಸಂದರ್ಶನದ ಕಾಗದ ಸಂದರ್ಶನ ಮುಗಿದ ಮೇಲೆ ತಲುಪಿದ್ದುಂಟು. ಇತ್ತ ಪಟ್ಟಣದ ಕೊನೆಯ ಬೀದಿಗೆ ಟಪಾಲು ಹಂಚುವ ಠಸ್ಸೆಯಣ್ಣ ದಿನಾ ಕಾಲುವೆಯ ದಂಡೆಯಲ್ಲಿ ನಿಂತು, ಇನ್ನೂರು ಹೆಜ್ಜೆ ಆಚೆ ತಮ್ಮದೇ ಮನೆಯ ಬಾಗಿಲು ನೋಡಿ ವಾಪಸು ತಿರುಗುತ್ತಿದ್ದರು. ಮೂರು ವರ್ಷ, ಐದು ಅರ್ಜಿ. ಕೊನೆಗೆ ಸಾಲು ಅವರ ಬಟವಾಡೆಗೆ ಸೇರಿತು. ನಲವತ್ಮೂರು ಮನೆಗೂ ಹೊಸ ವಿಳಾಸ ಬಂತು: ಪಟ್ಟಣದ ಹೆಸರು, ಪಟ್ಟಣದ ಅಂಚೆ ಸಂಖ್ಯೆ.

ಆದೇಶ ಕೈಗೆ ಕೊಡುವಾಗ ಅಂಚೆಯ ದೊಡ್ಡ ಸಾಹೇಬರು ಹೇಳಿದ್ದರು: “ನೋಡಿ, ಇದು ನಮ್ಮ ಚೀಲದ ಅನುಕೂಲಕ್ಕೆ ಮಾಡಿದ್ದು. ನಕ್ಷೆ ಹಾಗೇ ಇರುತ್ತೆ, ಗಡಿ ಸರಿಯಲ್ಲ. ಜನಕ್ಕೆ ಒಂದು ಮಾತು ಹೇಳಿಬಿಡಿ.”

“ಆಯ್ತು ಸಾರ್,” ಅಂದರು ಠಸ್ಸೆಯಣ್ಣ. ಹೇಳಲಿಲ್ಲ.

ಹೇಳುವ ಹಾಗೂ ಇರಲಿಲ್ಲ ಎನ್ನುತ್ತಾರೆ ಈಗ. ರಜಾದಿನ ಬಣ್ಣದ ಡಬ್ಬಿ ಹಿಡಿದು ಪ್ರತಿ ಬಾಗಿಲಿನ ಮೇಲೂ ಹೊಸ ವಿಳಾಸ ಬರೆದವರು ಅವರೇ. ಸಾಲು ಅವರನ್ನು ಮೆರವಣಿಗೆ ಮಾಡುವುದೊಂದು ಬಾಕಿ. ಮೂಲೆಯಲ್ಲಿ ಸೋಡಾ ಮಾರುವ ಮುದುಕ, ಊರಿಗೆಲ್ಲ ಸೋಡಾ ಮಾಮ, ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ: “ಊಟಕ್ಕೆ ಕೂತಾಗ ನಾನು ಹಳ್ಳಿಯವನು ಕಣಯ್ಯ. ಎದ್ದು ಕೈ ತೊಳೆಯೋಷ್ಟರಲ್ಲಿ ಪಟ್ಟಣದವನಾಗಿಬಿಟ್ಟೆ!”

ಆ ಸಂಭ್ರಮ ನಗರಸಭೆ ಚುನಾವಣೆ ಬರುವವರೆಗೆ ನಡೆಯಿತು. ಮತದಾನದ ಬೆಳಿಗ್ಗೆ ಸಾಲಿನವರು ಇಸ್ತ್ರಿ ಬಟ್ಟೆ ತೊಟ್ಟು, ಸೇತುವೆ ದಾಟಿ, ಶಾಲೆಯ ಕೋಣೆಯ ಮುಂದೆ ನಿಂತರು. ಮೇಜಿನ ಹಿಂದಿದ್ದ ಅಧಿಕಾರಿ ಹೆಂಗಸು ಪಟ್ಟಿಯನ್ನು ಎರಡು ಸಲ ನೋಡಿದರು.

“ನಿಮ್ಮ ಹೆಸರಿಲ್ಲ ಮಾವ.”

ಸೋಡಾ ಮಾಮ ಜೇಬಿನಿಂದ ಲಕೋಟೆ ತೆಗೆದ. “ಕಣ್ಣು ಬಿಟ್ಟು ನೋಡಮ್ಮ. ಪಟ್ಟಣದ ಹೆಸರಿದೆ, ನಂಬರಿದೆ, ಠಸ್ಸೆ ಇದೆ. ಇನ್ನೇನು ಬೇಕು?”

“ಇದು ನಿಮ್ಮ ಕಾಗದ ಯಾವ ಅಂಚೆಯಿಂದ ಬರುತ್ತೆ ಅಂತ ಹೇಳುತ್ತೆ. ನೀವು ಗಡಿಯೊಳಗೆ ಇದ್ದೀರಿ ಅಂತ ಹೇಳಲ್ಲ. ನಿಮ್ಮ ಓಟು ಪಂಚಾಯಿತಿಗೆ.”

“ಹಾಗಾದ್ರೆ ಈ ಕಾಗದವನ್ನಾದ್ರೂ ಒಳಗೆ ಬಿಡಮ್ಮ. ನನ್ನ ಬದಲಿಗೆ ಅದೇ ಒತ್ತಿ ಬರಲಿ.”

ಸರತಿಯಲ್ಲಿದ್ದ ಪಟ್ಟಣದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಲಿನವರಿಗೆ ನಗು ಬರಲಿಲ್ಲ. ಮನೆಗೆ ಬಂದವರೇ ಠಸ್ಸೆಯಣ್ಣನನ್ನು ಸುತ್ತುಗಟ್ಟಿದರು. ನಿನಗೆ ಗೊತ್ತಿತ್ತೇನಪ್ಪಾ ಎಂದು ಸೋಡಾ ಮಾಮ ನೇರವಾಗಿ ಕೇಳಿದ. ಅವರು ಕೊಟ್ಟ ಉತ್ತರ: “ವಿಳಾಸ ಬಂತಲ್ಲ ಮಾಮ, ಗಡಿನೂ ಇವತ್ತಲ್ಲ ನಾಳೆ ಬರುತ್ತೆ.”

ಅದನ್ನು ನಂಬಿ ಸಾಲು ಪಂಚಾಯಿತಿಯ ಕಡೆ ಮುಖ ಹಾಕುವುದನ್ನೇ ಬಿಟ್ಟಿತು. ಎರಡೂವರೆ ಕಿಲೋಮೀಟರು ನಡೆದು ಹೋಗಿ ಹಳ್ಳಿಯವರು ಅನ್ನಿಸಿಕೊಂಡು ಬರುವುದು ಯಾಕೆ? ತಾಲ್ಲೂಕು ಪಂಚಾಯಿತಿ ಚುನಾವಣೆ ಹೋಯಿತು, ಹಳ್ಳಿ ಪಂಚಾಯಿತಿಗೆ ನಡುವೆ ಬಂದ ಉಪಚುನಾವಣೆಯೂ ಹೋಯಿತು. ಸಾಲಿನಿಂದ ಒಂದು ಮತ ಬೀಳಲಿಲ್ಲ.

ಲಕೋಟೆಗಳು ಬಂದದ್ದು ಇದಾದ ಮೇಲೆ. ಪಂಚಾಯಿತಿಯಿಂದ, ಒಂದೇ ಅಳತೆಯ ಕಂದು ಲಕೋಟೆ, ಎಲ್ಲದರ ಮೇಲೂ ಸಾಲಿನ ಹಳೆಯ ವಿಳಾಸ. ಹಳ್ಳಿಯ ಅಂಚೆಯವರು ‘ಈ ಮನೆಗಳು ನಮ್ಮಲ್ಲಿಲ್ಲ’ ಎಂದು ಇತ್ತ ದಾಟಿಸಿದ್ದರು. ವಿಳಾಸ ಬದಲಾದ ಮೇಲೆ ಎರಡು ವರ್ಷ ಹಳೆಯ ವಿಳಾಸಕ್ಕೆ ಬಂದದ್ದನ್ನೂ ಮುಟ್ಟಿಸಬೇಕು, ಆಮೇಲೆ ಹಿಂದಕ್ಕೆ ಕಳಿಸಬಹುದು ಎಂಬುದು ಅಂಚೆಯ ನಿಯಮ. ಎರಡು ವರ್ಷ ಕಳೆದು ನಾಲ್ಕು ತಿಂಗಳಾಗಿತ್ತು. ಪಂಚಾಯಿತಿಗೆ ಹೊಸ ವಿಳಾಸದ ಪಟ್ಟಿಯನ್ನು ಠಸ್ಸೆಯಣ್ಣ ಎರಡು ಸಲ ಬರೆದು ಕಳಿಸಿದ್ದರು. ಅಲ್ಲಿ ಯಾರೂ ಅದನ್ನು ಬಿಚ್ಚಿ ನೋಡಿದಂತಿರಲಿಲ್ಲ. ಹೀಗೇ ನಡೆದರೆ ಸಾಲನ್ನು ಮತ್ತೆ ಹಳ್ಳಿಯ ಅಂಚೆಗೇ ಕೊಟ್ಟುಬಿಡುತ್ತಾರೇನೋ ಎಂಬ ಅಳುಕು ಬೇರೆ.

“ಕಳಿಸಬಹುದು ಅಂತಿತ್ತು, ಕಳಿಸಲೇಬೇಕು ಅಂತಿರಲಿಲ್ಲ,” ಎನ್ನುತ್ತಾರೆ ಅವರು. “ಅವತ್ತು ನಾನು ‘ಲೇಬೇಕು’ ಅಂತ ಓದಿಕೊಂಡೆ. ಆ ಕಚೇರಿಯವರಿಗೆ ಒಂದು ಸಲ ಬುದ್ಧಿ ಬರಲಿ ಅಂತ.”

ಊಟದ ಬಿಡುವಿನಲ್ಲಿ ಕೂತು ಕೆಂಪು ಶಾಯಿಯಲ್ಲಿ ಒಂದೊಂದರ ಮೇಲೂ ಬರೆದರು: ‘ಈ ವಿಳಾಸ ಚಾಲ್ತಿಯಲ್ಲಿಲ್ಲ.’ ಕೆಳಗೆ ಸಹಿ, ತಾರೀಖು. ಸೋಡಾ ಮಾಮನ ಹೆಸರಿನದು ಬಂತು, ಬರೆದರು. ತಂಗಿಯದು ಬಂತು, ಬರೆದರು. ಎಂಬತ್ತನೆಯದೋ ತೊಂಬತ್ತನೆಯದೋ ಲಕೋಟೆಯ ಮೇಲೆ ತಮ್ಮದೇ ಹೆಸರಿತ್ತು. ಒಂದು ಕ್ಷಣ ಪೆನ್ನು ನಿಂತಿತು. ತಮ್ಮದಕ್ಕೆ ಒಂದು ನ್ಯಾಯ, ಊರವರದಕ್ಕೆ ಒಂದು ನ್ಯಾಯ ಆಗಬಾರದು ಎಂದು ಅದರ ಮೇಲೂ ಬರೆದರು. ಅವತ್ತು ಅದು ದೊಡ್ಡ ಪ್ರಾಮಾಣಿಕತೆ ಎನ್ನಿಸಿತ್ತಂತೆ.

ಮರುವರ್ಷ ಕಾಲುಸೇತುವೆಯ ಮೂರು ಹಲಗೆ ಮುರಿದವು. ರಿಪೇರಿಯೋ, ಕಿತ್ತುಹಾಕುವುದೋ ಎಂಬ ಮಾತು ಪಂಚಾಯಿತಿಯಲ್ಲಿ ಎದ್ದಿತು. ಹಳ್ಳಿಯವರಿಗೆ ಆ ಸೇತುವೆಯ ಹಂಗಿರಲಿಲ್ಲ. ಏಳು ಸದಸ್ಯರಲ್ಲಿ ಮೂವರು ರಿಪೇರಿಯ ಕಡೆ, ಮೂವರು ಕೀಳುವ ಕಡೆ. ಏಳನೆಯದು ಸಾಲು ಮತ್ತು ಹಳ್ಳಿಯ ಅಂಚಿನ ಓಣಿ ಸೇರಿದ ಸ್ಥಾನ. ಚುನಾವಣೆ ಹತ್ತಿರ ಬಂದಿತ್ತು, ಉಳಿದ ಆರು ಕಡೆ ಅದೇ ಆರು ಮಂದಿ ಮತ್ತೆ ಬರುವುದು ಖಚಿತವಿತ್ತು. ತೀರ್ಮಾನ ಆ ಏಳನೆಯವರ ಕೈಯಲ್ಲಿತ್ತು.

“ನಾನೇ ನಿಲ್ತೀನಿ,” ಅಂದರು ಟೈಲರಕ್ಕ.

ಸೋಡಾ ಮಾಮ ಕಣ್ಣರಳಿಸಿದ. “ನೀನಾ? ನಿಂತ್ಕೊಳ್ಳೋಕೇ ಕಷ್ಟ ಪಡ್ತೀಯಲ್ಲೇ ತಾಯಿ.”

“ಚುನಾವಣೆಗೆ ನಿಲ್ಲೋಕೆ ಮಂಡಿ ಬೇಡ ಮಾಮ, ನಿಮ್ಮ ಓಟು ಸಾಕು. ಆಡ್ಕೊಳ್ಳೋದು ಬಿಟ್ಟು ನಿಮ್ಮನೆಯ ನಾಲ್ಕು ಓಟು ಗಟ್ಟಿ ಮಾಡಿ.”

ಓಣಿಯಲ್ಲಿ ಎಂಬತ್ತು ಮತ, ಸಾಲಿನಲ್ಲಿ ನೂರಾ ಹನ್ನೆರಡು. ಸೋಲಬೇಕೆಂದರೂ ಸೋಲುವಂತಿರಲಿಲ್ಲ. ಟೈಲರಕ್ಕ ಅಂಗಡಿಗೆ ಎರಡು ದಿನ ಬೀಗ ಹಾಕಿ, ಮನೆಮನೆಗೂ ಹೋಗಿ ಬಂದರು. ನಾಮಪತ್ರದ ಕೊನೆಯ ದಿನ ಹಳ್ಳಿಗೆ ಹೊರಟರು. ಸೂಚಕರಾಗಿ ಸಹಿ ಹಾಕಲು ಜೊತೆಗೆ ಅಣ್ಣ.

ಪಂಚಾಯಿತಿ ಗುಮಾಸ್ತ ಮತದಾರರ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿದ. ಮತ್ತೆ ಮೇಲಿನಿಂದ ಇಳಿದ.

“ಅಕ್ಕಾ, ನಿಮ್ಮ ಹೆಸರಿಲ್ಲ. ಪಟ್ಟಿಯಲ್ಲಿ ಇಲ್ಲದವರು ನಿಲ್ಲೋ ಹಾಗಿಲ್ಲ.”

“ಸರಿಯಾಗಿ ನೋಡಿ. ಹುಟ್ಟಿದಾಗಿನಿಂದ ಅದೇ ಸಾಲಿನಲ್ಲಿದ್ದೀನಿ.”

“ನೋಡಿದೆ. ನಿಮ್ಮದೊಂದೇ ಅಲ್ಲ, ನಿಮ್ಮ ಸಾಲೇ ಇಲ್ಲ.” ಅವನು ಎದ್ದು ಹೋಗಿ ಬೀರುವಿನಿಂದ ದಾರ ಕಟ್ಟಿದ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟ. “ಎರಡು ಸಲ ಓಟು ಹಾಕದಿದ್ರೆ ‘ಇಲ್ಲೇ ಇದ್ದೀರಾ’ ಅಂತ ಬರೆದು ಕೇಳಬೇಕು, ಮೂವತ್ತು ದಿನದೊಳಗೆ ಉತ್ತರ ಬರಬೇಕು, ಇಲ್ದಿದ್ರೆ ಹೆಸರು ಹೊಡೆದು ಹಾಕಬೇಕು. ಕೇಳಿದ್ವಿ. ಎಲ್ಲಾ ವಾಪಸ್ ಬಂತು. ಹೊಡೆದ ಪಟ್ಟಿನ ಹೊರಗಡೆ ಗೋಡೆಗೂ ಅಂಟಿಸಿದ್ವಿ. ನಿಮ್ಮ ಕಡೆಯವರು ಯಾರಾದ್ರೂ ಈ ಕಡೆ ತಲೆ ಹಾಕಿದ್ರೆ ತಾನೇ!”

ಟೈಲರಕ್ಕ ಮೇಲಿನ ಲಕೋಟೆ ಎತ್ತಿಕೊಂಡರು. ನಾಲ್ಕನೆಯ ತರಗತಿಗೆ ಶಾಲೆ ನಿಂತ ಮೇಲೆ ಆಕೆಗೆ ಅಕ್ಷರ ತಿದ್ದಿಸಿದ್ದು ಅಣ್ಣನೇ. ಸಹಿ ನೋಡುವ ಅಗತ್ಯ ಬೀಳಲಿಲ್ಲ. ಒಂದೊಂದಾಗಿ ಮಗುಚುತ್ತಾ ಹೋಗಿ ತಮ್ಮ ಹೆಸರಿನದನ್ನು ನೋಡಿದರು, ಅಣ್ಣನ ಹೆಸರಿನದನ್ನೂ ನೋಡಿದರು. ಕಟ್ಟನ್ನು ಜೋಡಿಸಿ, ದಾರ ಬಿಗಿದು, ಗುಮಾಸ್ತನ ಕಡೆ ಸರಿಸಿದರು.

“ಮತ್ತೆ ಸೇರಿಸ್ಕೊಳ್ಳೋಕಾಗಲ್ವಾ?” ಠಸ್ಸೆಯಣ್ಣ ಕೇಳಿದರು.

“ಆಗುತ್ತೆ ಯಜಮಾನ್ರೇ. ಅರ್ಜಿ ಕೊಡಿ. ಈ ಸಲದ ಪಟ್ಟಿ ಮುಚ್ಚಿ ವಾರ ಆಯ್ತು. ಮುಂದಿನ ಚುನಾವಣೆಗೆ ಬರುತ್ತೆ.”

ಮುಂದಿನ ಚುನಾವಣೆ ಎಂದರೆ ಐದು ವರ್ಷ.

ಎರಡೂವರೆ ಕಿಲೋಮೀಟರು ವಾಪಸು ನಡೆದರು. ತಂಗಿ ನಿಂತಲ್ಲೆಲ್ಲ ಅಣ್ಣನೂ ನಿಂತರು. ಆಕೆ ಮನೆಯ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿಕೊಂಡ ಮೇಲೆ ಕೇಳಿದರು: “ಒಳಗೇನಿದೆ ಅಂತ ನೋಡಬೇಕು ಅನ್ನಿಸಲಿಲ್ವಾ ಅಣ್ಣ?”

“ಬೇರೆಯವರ ಕಾಗದ ಒಡೆಯೋ ಹಾಗಿಲ್ಲ ಕಣೇ.”

“ನಿನ್ನದೊಂದು ಇತ್ತಲ್ಲ. ಅದನ್ನಾದರೂ ಒಡೀಬಹುದಿತ್ತು.”

ತಂಗಿ ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ ಠಸ್ಸೆಯಣ್ಣ. ಬೈಯುವ ಕೆಲಸವನ್ನು ಸಾಲು ವಹಿಸಿಕೊಂಡಿತು. ಒಂದಿಷ್ಟು ದಿನ ಅವರು ಕೊಟ್ಟ ಕಾಗದವನ್ನು ಮುಖ ನೋಡದೆ ಈಸಿಕೊಂಡವರಿದ್ದರು. ಸೋಡಾ ಮಾಮ ಮಾತ್ರ ಅಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದ: “ನೀನು ಕಳ್ಳನಾಗಿದ್ರೆ ಹಿಡಿದು ನಾಲ್ಕು ಬಿಡಬಹುದಿತ್ತು. ಸಾಚಾ ಮನುಷ್ಯನ್ನ ಏನಯ್ಯ ಮಾಡೋದು?”

ಏಳನೆಯ ಸ್ಥಾನಕ್ಕೆ ಓಣಿಯ ಇಟ್ಟಿಗೆ ಗುತ್ತಿಗೆದಾರನೊಬ್ಬನೇ ನಾಮಪತ್ರ ಕೊಟ್ಟಿದ್ದ. ಮತದಾನವೇ ನಡೆಯಲಿಲ್ಲ. ಮೊದಲ ಸಭೆಯಲ್ಲೇ ನಾಲ್ಕಕ್ಕೆ ಮೂರರಿಂದ ಸೇತುವೆ ಕೀಳುವ ತೀರ್ಮಾನವಾಯಿತು. ಹಲಗೆ ಬಿಚ್ಚಲು ಒಂದೂವರೆ ದಿನ ಹಿಡಿಯಿತು.

ಟೈಲರಕ್ಕ ಮೂರು ತಿಂಗಳು ರಸ್ತೆ ಸುತ್ತಿದರು. ಹೋಗಲು ಒಂದೂಕಾಲು ಗಂಟೆ, ಬರಲು ಅಷ್ಟೇ. ಅಂಗಡಿಯ ಮೆಷಿನ್ ಮನೆಗೆ ತರಿಸಿ ನೋಡಿದರು. ಅಳತೆ ಕೊಡಲು ಯಾವ ಮಗುವೂ ನಾಲ್ಕು ಕಿಲೋಮೀಟರು ಬರಲಿಲ್ಲ. ಕೊನೆಗೆ ಪಟ್ಟಣದಲ್ಲಿ, ಶಾಲೆಯ ಹಿಂದೆ, ಕಿಟಕಿಯಿಲ್ಲದ ಒಂದು ಕೋಣೆ ಬಾಡಿಗೆಗೆ ಹಿಡಿದು ಹೋದರು. ಪೆಟ್ಟಿಗೆ, ಮೆಷಿನ್ನು, ಇಸ್ತ್ರಿ ಮೇಜು. ಸಾಮಾನು ಹೇರಿದ ಗಾಡಿಯ ಹಿಂದೆ ಠಸ್ಸೆಯಣ್ಣ ರಸ್ತೆಯ ಸುತ್ತು ದಾರಿಯುದ್ದಕ್ಕೂ ನಡೆದರು. ಒಂದು ವರ್ಷದೊಳಗೆ ಸಾಲಿನ ಇನ್ನೂ ಹನ್ನೊಂದು ಮನೆಗಳಿಗೆ ಬೀಗ ಬಿತ್ತು.

ಉಳಿದವರ ಅರ್ಜಿಗಳನ್ನು ಠಸ್ಸೆಯಣ್ಣ ತಾವೇ ಬರೆದರು. ಅರವತ್ತೊಂಬತ್ತು ಅರ್ಜಿ. ಅಂಚೆಗೆ ಹಾಕದೆ ಕೈಯಾರೆ ಕೊಂಡೊಯ್ದು, ಗುಮಾಸ್ತನ ಎದುರು ಎಣಿಸಿ, ರಸೀದಿ ಪಡೆದರು. ಹೆಸರುಗಳು ಪಟ್ಟಿಗೆ ಬಂದವು. ಅಷ್ಟರಲ್ಲಿ ಅವರಿಗೆ ನಿವೃತ್ತಿಯೂ ಆಗಿತ್ತು, ಐದು ವರ್ಷವೂ ಆಗಿತ್ತು.

ಈ ಸಲದ ಚುನಾವಣೆಗೆ ಏಳನೆಯ ಸ್ಥಾನಕ್ಕೆ ನಿಂತವರಲ್ಲಿ ಓಣಿಯ ಒಬ್ಬ ಯುವಕ ಸಾಲಿಗೆ ಬಂದ. ಒಳ್ಳೆಯ ಹುಡುಗ, ಪುಸ್ತಕ ಪೆನ್ನು ಹಿಡಿದು ಕೇಳಿ ಬರೆದುಕೊಳ್ಳುತ್ತಿದ್ದ. ಬೀದಿ ದೀಪ ಬೇಕೆಂದರು, ಚರಂಡಿ ಬೇಕೆಂದರು. ಠಸ್ಸೆಯಣ್ಣ ಕಾಲುಸೇತುವೆ ಅಂದರು.

“ಬೇಕಾದವರ ಹೆಸರು ಕೊಡಿ ಅಣ್ಣ. ಗೆದ್ದರೆ ಅರ್ಜಿ ಜೊತೆ ಲಗತ್ತಿಸ್ತೀನಿ.”

ಠಸ್ಸೆಯಣ್ಣ ಸುತ್ತ ನೋಡಿದರು. ಸೇತುವೆ ಇಲ್ಲದೆ ಆಗದವರೆಲ್ಲ ಎಂದೋ ಹೋಗಿದ್ದರು. ಉಳಿದವರು ಸೈಕಲ್ಲು, ಸ್ಕೂಟರು ಇದ್ದವರು. ಯಾರೂ ಕೈ ಎತ್ತಲಿಲ್ಲ. ಅವರು ತಂಗಿಯ ಹೆಸರು ಹೇಳಿದರು. ಯುವಕ ಪಟ್ಟಿ ಬಿಚ್ಚಿ, ಅಕ್ಷರ ಹಿಡಿದು, ನಿಧಾನವಾಗಿ ಹುಡುಕಿದ.

“ಈ ಹೆಸರಿನವರು ಇಲ್ಲಿ ಇಲ್ಲವಲ್ಲ ಅಣ್ಣ.”

“ಇಲ್ಲ,” ಅಂದರು ಠಸ್ಸೆಯಣ್ಣ. “ಅವಳೀಗ ಪಟ್ಟಣದ ಮತದಾರಳು.”

ಯುವಕ ಬೀದಿ ದೀಪ ಎಷ್ಟು ಬೇಕೆಂದು ಕೇಳುತ್ತಾ ಮುಂದಿನ ಮನೆಗೆ ಹೋದ.