ಮೈದಾನ ಸುತ್ತಿದ ಎಕ್ಸ್‌ಚೇಂಜ್ ಬಾಯಾರು

ಅವರ ಬಲಗಿವಿಯ ಮೇಲಂಚು ಒಳಕ್ಕೆ ಮಡಚಿಕೊಂಡಿತ್ತು, ಓದುತ್ತ ಬಿಟ್ಟ ಪುಸ್ತಕದ ಹಾಳೆಯ ಮೂಲೆಯಂತೆ. ಟೆಲಿಫೋನ್ ಎಕ್ಸ್‌ಚೇಂಜಿನ ಹೆಡ್‌ಫೋನು ನೌಕರಿಯುದ್ದಕ್ಕೂ ಅಲ್ಲೇ ಕೂತು ಆದ ಮಡಿಕೆ ಅದು. ಯಾರೇ ಮಾತಾಡಿಸಿದರೂ ಆ ಕಿವಿಯನ್ನೇ ಮುಂದೆ ಮಾಡುತ್ತಿದ್ದರು. ಮುದ್ದೇಬಿಹಾಳದಲ್ಲಿ ಎಲ್ಲರಿಗೂ ಅವರು ಎಕ್ಸ್‌ಚೇಂಜ್ ಬಾಯಾರು. ನನಗೆ ಮನೆ ಮಾಲಕಿ. ಗಣಿತದ ಟೀಚರಾಗಿ ಆ ಊರಿಗೆ ಬಂದ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಅವರೊಬ್ಬರೇ. ಗಂಡ ತೀರಿ ಬಹಳ ವರ್ಷವಾಗಿತ್ತು, ಮಗಳು ಸೊಲ್ಲಾಪುರದಲ್ಲಿ.

ಬಾಯಾರಿಗೆ ಫುಟ್‌ಬಾಲಿನ ಹುಚ್ಚು ಹಿಡಿದದ್ದು ಆಫೀಸಿನ ಕಿಟಕಿಯಿಂದ. ಕರೆ ಜೋಡಿಸುವ ಬೋರ್ಡಿನ ಮುಂದೆ ಕೂತರೆ ಕಿಟಕಿಯಾಚೆ ಮೈದಾನ ಕಾಣುತ್ತಿತ್ತಂತೆ. ಸಂಜೆ ಊರ ಹುಡುಗರು ಆಡುತ್ತಿದ್ದರು. ನಿಯಮಗಳನ್ನು ಯಾರೂ ಹೇಳಿಕೊಡಲಿಲ್ಲ, ನೋಡುತ್ತ ಕಲಿತರು. ಆ ಕಿಟಕಿಯಿಂದ ಒಂದು ಕಡೆಯ ಗೋಲ್ ಕಂಬವಷ್ಟೇ ಕಾಣುತ್ತಿತ್ತು. ಇನ್ನೊಂದು ಕಡೆ ಗೋಲಾದರೆ ಕೂಗು ಕೇಳಿ ತಿಳಿದುಕೊಳ್ಳಬೇಕಿತ್ತು. ನಿವೃತ್ತಿಯ ಹಣದಲ್ಲಿ ಮನೆ ಕಟ್ಟಿಸುವಾಗ, ಮಾಳಿಗೆ ಮೇಲೆ ನಿಂತರೆ ಎರಡೂ ಗೋಲ್ ಕಂಬ ಕಾಣುವಂಥ ಜಾಗವನ್ನೇ ಹುಡುಕಿ ಕಟ್ಟಿಸಿದರು.

ನಾನು ಬಂದ ವರ್ಷವೇ ಅವರಿಗೆ ಲಕ್ವಾ ಹೊಡೆಯಿತು. ಕೈ ಸುಧಾರಿಸಿತು, ಮಾತು ಮರಳಿ ಬಂತು, ಎಡಗಾಲು ಮಾತ್ರ ನೆಲ ಎಳೆಯತೊಡಗಿತು. ದಿನಾ ನಡೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಮಗಳು ಫೋನಿನಲ್ಲಿ ಬೇಡಿಕೊಂಡಳು, ನಾನೂ ಹೇಳಿದೆ. ಬಾಯಾರು ಪಡಸಾಲೆಯ ಕುರ್ಚಿ ಬಿಟ್ಟು ಏಳಲಿಲ್ಲ.

“ನಾ ಕಾಲ ಎಳಿಯೂದನ್ನ ಊರ ಮಂದಿ ಯಾಕ ನೋಡಬೇಕ್ರಿ?” ಎಂದರು.

ಅಷ್ಟರಲ್ಲಿ ಕೊರೊನಾ ಬಂತು. ಲಾಕ್‌ಡೌನ್ ಸಡಿಲಾದ ಮೇಲೆ ಬಂದ ಆದೇಶಗಳು ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಒಂದು ವಾರ ಮೈದಾನಕ್ಕೆ ಬೀಗ, ಮುಂದಿನ ವಾರ ಬೀಗ ತೆಗೆದು ಭಾನುವಾರ ಕರ್ಫ್ಯೂ. ಬಸವನ ಬಾಗೇವಾಡಿಯಲ್ಲಿ ಆಡಬಹುದಂತೆ, ಇಲ್ಲಿ ಆಡಬಾರದಂತೆ. ಮರುದಿನ ಮೊಬೈಲಿಗೆ ಬಂದ ಸುದ್ದಿ ಅದರ ಉಲ್ಟಾ. ಕೊನೆಗೆ ಊರವರೇ ಒಂದು ಅರ್ಥ ಮಾಡಿಕೊಂಡರು: ಮ್ಯಾಚ್ ಎನ್ನಬಾರದು, ಪ್ರ್ಯಾಕ್ಟೀಸ್ ಎನ್ನಬೇಕು. ಆಡುವವರು ಬರಬಹುದು, ನೋಡುವವರು ಬರಬಾರದು. ಬೆಳಗಿನ ಹೊತ್ತು ವಾಕಿಂಗಿಗೆ ಮಾತ್ರ ಎಲ್ಲರಿಗೂ ಗೇಟು ತೆರೆದಿರುತ್ತದೆ. ಹಾಗೆ ಮನಗೂಳಿಯ ತಂಡ ಮುಂಜಾನೆ ಬೈಕುಗಳ ಮೇಲೆ ಬಂದು, ನಮ್ಮೂರ ತಂಡದ ಜೊತೆ ರೆಫರಿ ಸೀಟಿಯ ಸಮೇತ ಪ್ರ್ಯಾಕ್ಟೀಸ್ ಮಾಡಿ ಹೋಗುತ್ತಿತ್ತು.

ಬಾಯಾರಿಗೆ ಮಾಳಿಗೆ ಹತ್ತಲು ಆಗುತ್ತಿರಲಿಲ್ಲ. ಸೀಟಿ ಕೇಳಿಸಿತೆಂದರೆ ಕುರ್ಚಿಯಲ್ಲೇ ಚಡಪಡಿಸುತ್ತಿದ್ದರು. ಒಂದು ದಿನ ನನ್ನನ್ನು ಮಾಳಿಗೆಗೆ ಕಳಿಸಿ, ಫೋನ್ ಹಚ್ಚಿ, ಏನು ನಡೆದಿದೆ ಹೇಳು ಎಂದರು. ನನಗೆ ಆಟ ಗೊತ್ತಿರಲಿಲ್ಲ. ಕೆಂಪು ಅಂಗಿಯವನು ಒದ್ದ, ಹಳದಿ ಅಂಗಿಯವನು ಬಿದ್ದ, ಚೆಂಡು ಈಗ ನೀರಿನ ಟಾಕಿಯ ಕಡೆ ಹೋಯಿತು ಎಂದು ಕಂಡದ್ದನ್ನು ಕಂಡ ಹಾಗೆ ಹೇಳುತ್ತ ಹೋದೆ. ಸ್ವಲ್ಪ ಹೊತ್ತು ತಡೆದುಕೊಂಡರು.

“ಟೀಚರ, ಚೆಂಡ ಎಲ್ಲೈತಿ ಅಂತ ನಾ ಕೇಳಿಲ್ಲ. ಯಾರು ಖಾಲಿ ನಿಂತಾನ ಅದನ್ನ ಹೇಳ್ರಿ.”

ಅದು ನನಗೆ ಹೇಗೆ ಕಾಣಬೇಕು? ಎರಡು ಭಾನುವಾರ ಹೀಗೇ ನಡೆಯಿತು. ಮೂರನೆಯ ಭಾನುವಾರ ನಾನು ಗೋಲು ಎಂದು ಕೂಗಿದ್ದು ಗೋಲಲ್ಲ, ಚೆಂಡು ಬಲೆಯ ಹೊರಬದಿಗೆ ಬಡಿದಿತ್ತು. ಸತ್ಯ ತಿಳಿದ ಬಾಯಾರು ಫೋನ್ ಇಟ್ಟರು. ನಾನು ಕೆಳಗೆ ಬಂದಾಗ ಸೀರೆಯ ಸೆರಗು ಬಿಗಿದು, ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನ ವರದಿ ಕೇಳುವುದಕ್ಕಿಂತ ಕಾಲು ಎಳೆಯುವುದೇ ವಾಸಿ ಎನಿಸಿತ್ತೋ ಏನೋ.

ಮೈದಾನದ ಗೇಟಿನಲ್ಲಿ ಹವಾಲ್ದಾರರು ತಡೆದರು. ಅವರ ಹೊಣೆ ಅವರಿಗೆ. ನಡೆಯುವವರನ್ನು ಬಿಡುತ್ತೇವೆ, ನಿಂತು ನೋಡುವವರನ್ನು ಬಿಡುವುದಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದರು. ಬಾಯಾರು ಮಡಚಿದ ಕಿವಿಯನ್ನು ಅವರತ್ತ ತಿರುಗಿಸಿ ಪೂರ್ತಿ ಕೇಳಿಸಿಕೊಂಡರು.

“ನಾ ನಿಂದ್ರಾಕ ಬಂದಿಲ್ರಿ,” ಎಂದರು. “ನಡ್ಯಾಕ ಬಂದೇನಿ.”

ನಡೆಯತೊಡಗಿದರು. ಗೆರೆಯ ಹೊರಗೆ, ಮೈದಾನದ ಅಂಚಿನಲ್ಲಿ, ಒಂದು ಹೆಜ್ಜೆ ಇಟ್ಟು ಇನ್ನೊಂದನ್ನು ಎಳೆಯುತ್ತ. ಕಣ್ಣು ಮಾತ್ರ ಆಟದ ಮೇಲೆ. ನಾನು ಪಕ್ಕದಲ್ಲಿ. ಅರ್ಧ ಸುತ್ತು ಮುಗಿಯುವ ಹೊತ್ತಿಗೆ, ಗೇಟಿನಾಚೆ ಗುಂಪಾಗಿದ್ದ ಅಡತಿ ಅಂಗಡಿಯವರು, ಆಟೋದವರು, ಆಟಗಾರರ ಅಪ್ಪಂದಿರು ಒಬ್ಬೊಬ್ಬರೇ ಒಳಬಂದು ನಡೆಯತೊಡಗಿದರು. ಹವಾಲ್ದಾರರು ಏನು ಹೇಳುತ್ತಾರೆ? ಎಲ್ಲರೂ ಅಂತರ ಬಿಟ್ಟಿದ್ದರು, ಮಾಸ್ಕ್ ಹಾಕಿದ್ದರು, ಯಾರೂ ನಿಂತಿರಲಿಲ್ಲ. ಗೋಲಾದಾಗ ಚಪ್ಪಾಳೆಯನ್ನೂ ನಡೆಯುತ್ತಲೇ ತಟ್ಟಿದರು. ಸ್ವಲ್ಪ ಹೊತ್ತಿಗೆ ಹವಾಲ್ದಾರರೂ ಕೋಲು ಹಿಂದೆ ಹಿಡಿದು ಎದುರು ದಿಕ್ಕಿನಿಂದ ಸುತ್ತತೊಡಗಿದರು, ಮುಖವನ್ನು ಆಟದ ಕಡೆಗೇ ತಿರುಗಿಸಿಕೊಂಡು.

ಬಾಯಾರ ಕಾಲನ್ನು ಅಂದು ಯಾರೂ ನೋಡಲಿಲ್ಲ. ನೋಡಲು ಬೇರೆಯದೇ ಇತ್ತು.

ಆಮೇಲೆ ಅವರು ಒಂದು ಆಟವನ್ನೂ ತಪ್ಪಿಸಲಿಲ್ಲ. ಆಟವಿಲ್ಲದ ದಿನಗಳಲ್ಲಿ ಬರಿದೇ ನಡೆಯಲೂ ಕಲಿತರು. ಮೊದಲು ಒಂದು ಸುತ್ತಿಗೇ ದಣಿಯುತ್ತಿದ್ದವರು ಚಳಿಗಾಲದ ಹೊತ್ತಿಗೆ ಇಡೀ ಅರ್ಧಾವಧಿ ನಡೆಯುತ್ತಿದ್ದರು. ನಡೆಯುತ್ತ ನನಗೆ ಆ ಊರಿನ ಪರಿಚಯವನ್ನೂ ಮಾಡಿಸಿದರು. ಗೋಲಿಯ ಅಪ್ಪ, ಅಂದರೆ ಗೋಲ್ ಕಾಯುವವನ ಅಪ್ಪ, ಪೇಟೆಯ ಹಮಾಲ. ಆತನ ಮದುವೆ ಮಾತಿಗೆ ಪರವೂರಿನ ಟ್ರಂಕ್ ಕಾಲ್ ಜೋಡಿಸಿಕೊಟ್ಟವರು ತಾವೇ ಎಂದರು. ವರ್ಷವಾದರೂ ಶಾಲೆ, ಮನೆ ಬಿಟ್ಟು ಬೇರೇನೂ ಗೊತ್ತಿರದ ನನ್ನನ್ನು ಜನ ಹೆಸರು ಹಿಡಿದು ಮಾತಾಡಿಸುವಂತಾಯಿತು.

ಮುಂದಿನ ಬೇಸಿಗೆ ಎರಡನೆಯ ಅಲೆ ಬಂತು. ಸಿಂದಗಿ ತಾಲ್ಲೂಕಿನ ನನ್ನೂರು ದೇವಣಗಾಂವದಲ್ಲಿ ಅಪ್ಪ ಜ್ವರ ಬಂದು ಆಸ್ಪತ್ರೆ ಸೇರಿದರು. ಬಸ್ಸಿರಲಿಲ್ಲ. ಪಾಸು ಮಾಡಿಸಿಕೊಂಡು ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮುಖ ನೋಡಲೂ ಆಗಲಿಲ್ಲ. ಅವ್ವ ಒಳಕೋಣೆ ಸೇರಿದವಳು ಹೊರಗೆ ಬರಲಿಲ್ಲ. ತಮ್ಮನ ಹತ್ತಿರ ಅವಳನ್ನು ಬಿಟ್ಟು ನೌಕರಿಗೆ ಮರಳಿದೆ. ಫೋನಿನಲ್ಲಿ ಪಾಠ ಮುಗಿಸಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಬಾಯಾರು ಕೆಳಗಿನಿಂದ ಕರೆದರೆ ತಲೆನೋವು ಎನ್ನುತ್ತಿದ್ದೆ.

ಮಳೆಗಾಲದ ಒಂದು ಭಾನುವಾರ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಹೆಜ್ಜೆ, ಎಳೆದ ಸದ್ದು, ದೊಡ್ಡ ಉಸಿರು. ಮತ್ತೆ ಒಂದು ಹೆಜ್ಜೆ. ಬಾಗಿಲು ತೆಗೆದರೆ ಚೌಕಟ್ಟು ಹಿಡಿದು ಬಾಯಾರು ನಿಂತಿದ್ದರು. ಲಕ್ವಾ ಹೊಡೆದ ಮೇಲೆ ಅವರು ಮಹಡಿ ಹತ್ತಿದ್ದು ಅದೇ ಮೊದಲು. ನೆಲದ ಮೇಲೆ ಕೂತು ಸುಧಾರಿಸಿಕೊಂಡರು. ಮತ್ತೆ ಪ್ರ್ಯಾಕ್ಟೀಸಿಗೆ ಬಿಟ್ಟಿದ್ದಾರೆ, ಸಿಂದಗಿಯವರು ಬಂದಿದ್ದಾರೆ, ಹೋಗೋಣ ಎಂದರು. ಮನಸ್ಸಿಲ್ಲ ಎಂದೆ.

“ನಂಗೂ ಇರಲಿಲ್ರಿ ಮನಸ್ಸು. ಅದು ಬರಲಿ ಅಂತ ಕಾಯಕೋತ ಕುಂತಿದ್ರ, ನಾ ಇನ್ನೂ ಆ ಖುರ್ಚಿ ಮ್ಯಾಲ ಇರತಿದ್ದೆ.”

ಮೆಟ್ಟಿಲು ಹತ್ತಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಹೋದೆ. ದಾರಿಯಲ್ಲಿ ಅಪ್ಪನ ಮಾತೆತ್ತಲಿಲ್ಲ ಅವರು. ಸಿಂದಗಿಯವರಿಗೆ ಹನ್ನೊಂದರಲ್ಲಿ ಹತ್ತೇ ಜನ ಸಿಕ್ಕಿದ್ದಾರೆ, ಆದರೂ ಎಷ್ಟು ಗಟ್ಟಿ ನಿಂತಿದ್ದಾರೆ ನೋಡು ಎಂದು ಆಟದ ಮಾತನ್ನೇ ಆಡಿದರು. ಎರಡನೆಯ ಸುತ್ತಿನಲ್ಲಿ ಮಾಸ್ಕಿನೊಳಗೇ ಅಳು ಬಂತು. ಬಾಯಾರು ನನ್ನ ತೋಳು ಹಿಡಿದರು. ದಣಿದು ಆಸರೆಗೆ ಹಿಡಿದರು ಅಂದುಕೊಂಡೆ. ಆದರೆ ಆ ಕೈಯಲ್ಲಿ ಭಾರವೇ ಇರಲಿಲ್ಲ.

ಮುಂದೆ ನನಗೆ ಇಂಡಿಗೆ ವರ್ಗವಾಯಿತು. ಅವ್ವನನ್ನು ಕರೆತಂದೆ. ಅವಳು ಹೊಸ ಮನೆಯಲ್ಲೂ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಿರ್ಬಂಧಗಳೆಲ್ಲ ಮುಗಿದ ಮೇಲೆ ಇಂಡಿಯಲ್ಲಿ ನಡೆದ ಟೂರ್ನಿಗೆ ಮುದ್ದೇಬಿಹಾಳ ತಂಡ ಬಂದಾಗ, ಅದರ ಟೆಂಪೋದಲ್ಲೇ ಬಾಯಾರೂ ಬಂದಿಳಿದರು. ಅವ್ವನನ್ನು ಏನೂ ಕೇಳದೆ ಕೈಹಿಡಿದು ಮೈದಾನಕ್ಕೆ ಕರೆದೊಯ್ದರು. ಒಬ್ಬ ಮಾತ್ರ ಬೇರೆ ಬಣ್ಣದ ಅಂಗಿ ತೊಟ್ಟು ಗೋಲ್ ಕಂಬದ ಹತ್ತಿರ ಸುಮ್ಮನೆ ಯಾಕೆ ನಿಂತಿದ್ದಾನೆ ಎಂದು ಅವ್ವ ಕೇಳಿದಳು. ಬಾಯಾರು ಅರ್ಧಾವಧಿ ಪೂರ್ತಿ ವಿವರಿಸಿದರು. ಅವರ ತಂಡ ಸೋತಿತು. ಆ ಸಂಜೆ ಇಬ್ಬರೂ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯಿಂದ ಅವ್ವನ ನಗು ಕೇಳಿಸಿತು. ನಾನು ಹೊರಗೇ ನಿಂತು ಕೇಳಿದೆ.

ಹೋದ ವರ್ಷ ಬಾಯಾರು ಹೋದರು. ಹಿಂದಿನ ಸಂಜೆಯವರೆಗೂ ನಡೆದಿದ್ದರಂತೆ. ತಂಡದ ಹುಡುಗರೇ ಹೆಗಲು ಕೊಟ್ಟರು. ಮಣ್ಣು ಮುಗಿಸಿ ನಾನು ಇಂಡಿಗೆ ಮರಳಿದೆ. ಮರುವಾರ ಭಾನುವಾರ, ಎಲ್ಲಿಗೂ ಹೋಗುವ ಮನಸ್ಸಿಲ್ಲದೆ ಉತ್ತರಪತ್ರಿಕೆ ಹರವಿಕೊಂಡು ಕೂತಿದ್ದೆ. ಅವ್ವ ಒಳಗಿನಿಂದ ಬಂದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು.

“ನಡಿ,” ಎಂದಳು. “ಆಟ ಚಾಲೂ ಆಗಿರ್ತೈತಿ.”